ಮಾಂಡವಿಯ ಮಹಾಮಾರಿ: ಒಂದು ಕೇರಿಯ ಸಾವಿನಿಂದ ನಗರ ಕಲಿತದ್ದೇನು?

ಮುಂಬಯಿಯ ಇತಿಹಾಸವನ್ನು ಗಿರಣಿ, ಬಂದರು, ಪೇಟೆಗಳ ಏಳಿಗೆಯ ಕಥೆಯಾಗಿ ಹೇಳುವುದು ವಾಡಿಕೆ. ಆದರೆ ಈ ನಗರದ ಕೆಲವು ಬೀದಿಗಳ ಅಗಲವೂ ಕೆಲವು ಬಡಾವಣೆಗಳ ಅಂದವೂ, ಅಷ್ಟೇಕೆ, ನಮ್ಮ ದೇಶದ ಕಾನೂನಿನ ಒಂದು ಅಧ್ಯಾಯವೂ ಒಂದು ರೋಗದ ಭಯದಿಂದ ಹುಟ್ಟಿದುವೆಂಬುದನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಆ ರೋಗ ಪ್ಲೇಗು. ಅದು ಇಲ್ಲಿ ಮೊದಲು ತಲೆದೋರಿದ ಸ್ಥಳ ಮಸ್ಜಿದ್ ಬಂದರ ಸ್ಟೇಶನಿನ ಆಸುಪಾಸಿನ ಮಾಂಡವಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಒಂದೇ ಕೋಣೆಯಲ್ಲಿ ಹತ್ತು ಜನ ಮಲಗಿ ಬಾಳನ್ನು ಕಟ್ಟಿಕೊಂಡವರ ಮಕ್ಕಳು, ಮೊಮ್ಮಕ್ಕಳು ನಾವು. ಮಾಂಡವಿಯ ಕಥೆ ನಮಗೆ ಪರರ ಕಥೆಯಲ್ಲ.

ಕಾಳು ಕೆಳಗೆ, ಜನ ಮೇಲೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮಾಂಡವಿಯು ಮುಂಬಯಿಯ ಉಗ್ರಾಣವಾಗಿತ್ತು. ೧೮೮೦ರಲ್ಲಿ ಪ್ರಿನ್ಸಸ್ ಡಾಕ್ ತೆರೆದ ಮೇಲೆ ದೇಶಾಂತರದ ಸರಕು ಅದರ ಹೊಸ್ತಿಲಲ್ಲೇ ಇಳಿಯತೊಡಗಿತು. ಕಟ್ಟಡಗಳ ಕೆಳ ಅಂತಸ್ತಿನಲ್ಲಿ ದವಸಧಾನ್ಯ, ಸಕ್ಕರೆಗಳ ಮೂಟೆಗಳು. ಮೇಲಣ ಅಂತಸ್ತುಗಳಲ್ಲಿ ಮೂಟೆಗಳಂತೆಯೇ ಒತ್ತಿ ತುಂಬಿದ ಜನ. ಚಾಳಿನ ಎಷ್ಟೋ ಕೋಣೆಗಳಿಗೆ ಕಿಟಕಿಯೆಂಬುದಿರಲಿಲ್ಲ. ನಡುಹಗಲಿನಲ್ಲಿಯೂ ದೀಪ ಬೇಕಾಗುತ್ತಿತ್ತು. ೧೮೬೦ರಲ್ಲಿ ವಿಹಾರ ಸರೋವರದ ನೀರು, ೧೮೯೨ರಲ್ಲಿ ತಾನಸಾದ ನೀರು ನಗರಕ್ಕೆ ಹರಿದು ಬಂದುವು. ಬಂದ ನೀರು ಹೊರಗೆ ಹೋಗಲು ತಕ್ಕ ಚರಂಡಿಗಳು ಮಾತ್ರ ಅದೇ ವೇಗದಲ್ಲಿ ಬರಲಿಲ್ಲ. ಕಾಳಿದ್ದಲ್ಲಿ ಇಲಿ ಸೇರುತ್ತದೆ, ಕತ್ತಲಿದ್ದಲ್ಲಿ ಇಲಿ ನೆಲಸುತ್ತದೆ. ಮಾಂಡವಿಯಲ್ಲಿ ಎರಡಕ್ಕೂ ಕೊರತೆಯಿರಲಿಲ್ಲ.

೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಹಬ್ಬಿದಾಗ ಯೆರ್ಸಿನ್ ಎಂಬ ವಿಜ್ಞಾನಿ ಅದರ ರೋಗಾಣುವನ್ನು ಗುರುತಿಸಿದ್ದರು. ಅಲ್ಲಿಂದ ಹಡಗುಗಳ ದಾರಿಯಾಗಿ ಅದು ಇಲ್ಲಿಗೆ ಬಂದಿತೆಂಬುದು ಬಹುಮಂದಿ ಒಪ್ಪಿದ ಮಾತು. ೧೮೯೬ರ ಮಳೆಗಾಲ ಮುಗಿಯುವ ಹೊತ್ತಿಗೆ ಮಾಂಡವಿಯಲ್ಲಿ ಇಲಿಗಳು ಸತ್ತು ಬೀಳುತ್ತಿದ್ದುವು. ಸೆಪ್ಟೆಂಬರ ತಿಂಗಳಲ್ಲಿ, ಗೋವೆಯ ಮೂಲದ ವೈದ್ಯ ಡಾ. ಅಕಾಸಿಯೊ ವಿಯೆಗಸ್ ಅವರು ಅಲ್ಲಿಯ ರೋಗಿಗಳ ಜ್ವರವನ್ನೂ ಗಂಟುಗಳನ್ನೂ ಪರೀಕ್ಷಿಸಿ, ಇದು ಪ್ಲೇಗೇ ಸರಿ ಎಂದು ನಿರ್ಣಯಿಸಿದರು. ತಾವು ಸದಸ್ಯರಾಗಿದ್ದ ನಗರಸಭೆಯ ಸ್ಥಾಯೀ ಸಮಿತಿಯ ಮುಂದೆ ಅದನ್ನು ಮುಚ್ಚುಮರೆಯಿಲ್ಲದೆ ಸಾರಿದರು. ಬಂದರಿನ ನಗರಕ್ಕೆ ಪ್ಲೇಗಿನ ಹೆಸರು ತಗಲಿದರೆ ವ್ಯಾಪಾರಕ್ಕೆ ಪೆಟ್ಟು ಎಂಬುದು ಯಾರಿಗೂ ತಿಳಿಯದ ವಿಷಯವಲ್ಲ. ಹಾಗಿದ್ದೂ ಸತ್ಯವನ್ನು ನುಡಿದ ಈ ವೈದ್ಯರ ಪ್ರತಿಮೆ ಧೋಬಿ ತಲಾವಿನಲ್ಲಿ, ಮೆಟ್ರೋ ಚಿತ್ರಮಂದಿರದ ಎದುರಿಗೆ ಇದೆ. ಅದರ ಮುಂದೆ ದಿನವೂ ಹಾದುಹೋಗುವವರು ಒಮ್ಮೆ ತಲೆಯೆತ್ತಿ ನೋಡಬೇಕು.

ಇಲಿಯನ್ನು ಬಿಟ್ಟು ಗಾಳಿಯನ್ನು ಹಿಡಿದರು

ಅಧಿಕಾರಿಗಳು ಸುಮ್ಮನೆ ಕುಳಿತಿರಲಿಲ್ಲ. ಮುನಿಸಿಪಲ್ ಕಮಿಶನರ್ ಸ್ನೋ ಅವರೂ ಆರೋಗ್ಯಾಧಿಕಾರಿ ಡಾ. ವಿಯರ್ ಅವರೂ ಊರನ್ನೆಲ್ಲ ತೊಳೆಸಿದರು. ಚರಂಡಿಗಳಿಗೆ ಸಮುದ್ರದ ನೀರನ್ನು ನುಗ್ಗಿಸಿದರು. ಗೋಡೆಗಳಿಗೆ ಸುಣ್ಣ ಬಳಿಸಿದರು. ಕಾರ್ಬಾಲಿಕ್ ಆಮ್ಲವನ್ನು ಕೊಡಗಟ್ಟಲೆ ಸುರಿಸಿದರು. ಬೆಳಕು ಬರಲೆಂದು ಹೆಂಚು ತೆಗೆಸಿದರು. ಹಾಸಿಗೆ ಬಟ್ಟೆಗಳನ್ನು ಸುಡಿಸಿದರು. ಮನುಷ್ಯವಾಸಕ್ಕೆ ಅಯೋಗ್ಯವೆಂದು ಸೂಚಿಸುವ ‘ಯು.ಎಚ್.ಎಚ್.’ ಎಂಬ ಅಕ್ಷರಗಳು ಮನೆಮನೆಯ ಗೋಡೆಯ ಮೇಲೆ ಮೂಡಿದುವು.

ಇಷ್ಟು ಶ್ರಮಕ್ಕೆ ತಕ್ಕ ಫಲ ದೊರೆಯಲಿಲ್ಲವೇಕೆ? ರೋಗವು ಕೊಳೆಯಿಂದ ಏಳುವ ದುರ್ವಾಯುವಿನಲ್ಲಿದೆ ಎಂಬ ಹಳೆಯ ನಂಬಿಕೆ ಇನ್ನೂ ಬಲವಾಗಿತ್ತು. ಸತ್ತ ಇಲಿಯ ಮೈಯನ್ನು ಬಿಟ್ಟ ಚಿಗಟವು ಮನುಷ್ಯನನ್ನು ಕಚ್ಚಿ ರೋಗವನ್ನು ದಾಟಿಸುತ್ತದೆಂದು ಸೀಮೋನ್ ಎಂಬ ಫ್ರೆಂಚ್ ವೈದ್ಯ ೧೮೯೮ರಲ್ಲಿ ಹೇಳಿದಾಗ ನಂಬಿದವರು ವಿರಳ. ೧೯೦೫ರಿಂದ ಮುಂದೆ ಪರೇಲಿನಲ್ಲಿ ನಡೆದ ಸಂಶೋಧನೆಗಳಿಂದ ಮಾತ್ರ ಅದು ಸ್ಥಿರಪಟ್ಟಿತು. ನಮ್ಮ ಕನ್ನಡ ನಾಡಿನ ಹಳ್ಳಿಗರ ನಡತೆಯನ್ನು ಇಲ್ಲಿ ನೆನೆಯಬೇಕು. ಮುಂದಿನ ವರ್ಷಗಳಲ್ಲಿ ಅಲ್ಲಿಯೂ ಪ್ಲೇಗು ಮರುಕಳಿಸಿದಾಗ ‘ಇಲಿ ಬಿತ್ತು’ ಎಂಬ ಎರಡು ಶಬ್ದ ಸಾಕಾಗಿತ್ತು. ಊರಿಗೆ ಊರೇ ಮನೆಗೆ ಬೀಗ ಹಾಕಿ ಹೊಲದ ಗುಡಿಸಲುಗಳಿಗೆ ನಡೆಯುತ್ತಿತ್ತು. ಚಿಗಟದ ಶಾಸ್ತ್ರ ಅವರಿಗೆ ತಿಳಿಯದು. ಕಣ್ಣಿನ ಮುಂದಿನ ಇಲಿಯನ್ನು ಅವರು ನಿರ್ಲಕ್ಷಿಸಲಿಲ್ಲ.

ಆದರೆ ಮಾಂಡವಿಯ ಕೂಲಿಗೆ ಹೋಗಲು ಹೊಲವೆಲ್ಲಿ? ಅವನಿಗಿದ್ದ ದಾರಿ ಒಂದೇ, ರೈಲು. ೧೮೯೭ರ ಫೆಬ್ರುವರಿಯ ಹೊತ್ತಿಗೆ ನಗರದ ಹತ್ತಿರ ಹತ್ತಿರ ಅರ್ಧದಷ್ಟು ಜನ ಊರು ಬಿಟ್ಟಿದ್ದರು. ಆಳು ಸಿಕ್ಕದ ಗಿರಣಿಗಳವರು ಬೀದಿಯ ತಿರುವಿನಲ್ಲಿ ನಿಂತು ಕೂಲಿಯ ದರವನ್ನು ಹರಾಜಿನಂತೆ ಏರಿಸಿ ಕೂಗಬೇಕಾಯಿತು. ರೈಲಿನೊಡನೆ ರೋಗವೂ ಪಯಣಿಸಿತು. ಪುಣೆಯನ್ನು ಸುಟ್ಟಿತು; ಹುಬ್ಬಳ್ಳಿ ಧಾರವಾಡಗಳನ್ನು ಮುಟ್ಟಿತು; ೧೮೯೮ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಬೆಂಗಳೂರಿನ ಇಕ್ಕಟ್ಟಾದ ಪೇಟೆಯಿಂದ ಜನ ಮಲ್ಲೇಶ್ವರ, ಬಸವನಗುಡಿಗಳ ಹೊಸ ಬಡಾವಣೆಗಳಿಗೆ ಹೋಗಿ ನೆಲಸಿದ್ದು ಈ ಭಯದಿಂದಲೇ.

ಬಲವಂತವೂ ವಿಶ್ವಾಸವೂ

೧೮೯೬ರ ಅಕ್ಟೋಬರ್ ೬ರಂದು ಕಮಿಶನರರು ಹೊರಡಿಸಿದ ಆಜ್ಞೆಯಂತೆ ಮನೆಹೊಕ್ಕು ರೋಗಿಯನ್ನು ಒಯ್ಯುವ ಅಧಿಕಾರ ಸಿಬ್ಬಂದಿಗೆ ದೊರೆಯಿತು. ಒಯ್ದವರು ಮರಳಿ ಬರುವುದು ಅಪರೂಪವಾದ್ದರಿಂದ ಆಸ್ಪತ್ರೆಯೆಂದರೆ ಸಾವಿನ ಮನೆ ಎಂಬ ಭೀತಿ ಬೆಳೆಯಿತು. ಅಕ್ಟೋಬರ್ ೨೯ರಂದು ಸಾವಿರದಷ್ಟು ಗಿರಣಿ ಕೆಲಸಗಾರರು ಆರ್ಥರ್ ರೋಡ್ ಆಸ್ಪತ್ರೆಯ ಮೇಲೆ ನುಗ್ಗಿದರು. ಕೂಡಲೇ ಆಜ್ಞೆ ಸಡಿಲಾಯಿತು. ಕಮಿಶನರರ ಮನಸ್ಸಿನಲ್ಲಿದ್ದ ದೊಡ್ಡ ಅಂಜಿಕೆ ಇನ್ನೊಂದು: ಮಲ ಹೊರುವ, ಬೀದಿ ಗುಡಿಸುವ ಹಲಾಲ್‌ಖೋರರು ಬೆದರಿ ಊರು ಬಿಟ್ಟರೆ ಮುಂಬಯಿ ಎಂಟು ದಿನ ಉಳಿಯದು. ಸಮಾಜವು ಯಾರನ್ನು ಎಲ್ಲರಿಗಿಂತ ಕೆಳಗಿಟ್ಟಿತ್ತೋ ಅವರ ಕೈಯಲ್ಲೇ ನಗರದ ಉಸಿರು ಇದ್ದಿತು.

೧೮೯೭ರ ಫೆಬ್ರುವರಿ ೪ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂದಿತು. ಮಾರ್ಚಿನಲ್ಲಿ ಜನರಲ್ ಗೇಟೇಕರ್ ಅವರ ಹಿರಿತನದಲ್ಲಿ ಪ್ಲೇಗ್ ಸಮಿತಿ ನೇಮಕವಾಯಿತು. ಮನೆ ಶೋಧ ಮತ್ತೆ ಮೊದಲಾಯಿತು. ಬಲವಂತವು ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ ಅದೇ ಜೂನ್ ೨೨ರಂದು ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಅವರ ಮೇಲೆ ನಡೆದ ಗುಂಡಿನ ದಾಳಿಯೂ, ೧೮೯೮ರ ಮಾರ್ಚ್ ೯ರಂದು ಮುಂಬಯಿಯಲ್ಲೇ ಭುಗಿಲೆದ್ದ ದಂಗೆಯೂ ಸಾಕ್ಷಿ. ಬೇರೆ ಬೇರೆ ಜಾತಿಮತಗಳ ಮುಖಂಡರು ತಮ್ಮವರಿಗಾಗಿ ಪ್ರತ್ಯೇಕ ಆಸ್ಪತ್ರೆಗಳನ್ನು ತೆರೆದ ಮೇಲೆ ಜನರ ಅಂಜಿಕೆ ಸ್ವಲ್ಪ ತಗ್ಗಿತು. ತನ್ನ ಭಾಷೆಯಾಡುವವನು, ತನ್ನ ಊಟವಿಕ್ಕುವವನು ಮಗ್ಗುಲಲ್ಲಿದ್ದರೆ ರೋಗಿ ಆಸ್ಪತ್ರೆಗೆ ಹೆದರುವುದಿಲ್ಲ. ಆದರೆ ಧನಿಕ ಮುಖಂಡರಿಲ್ಲದ, ನಿನ್ನೆ ಮೊನ್ನೆ ಬಂದಿಳಿದ ಪರವೂರ ಕೂಲಿಗೆ ಅಂಥ ಆಸರೆ ಎಲ್ಲಿಯದು? ನಮ್ಮ ಕರಾವಳಿಯ ಮೊಗವೀರರು ಮುಂಬಯಿಯಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡದ್ದು ೧೯೦೨ರಲ್ಲಿ, ಪ್ಲೇಗಿನ ವರ್ಷಗಳಲ್ಲೇ ಎಂಬುದನ್ನು ನೆನೆದಾಗ, ಪರಸ್ಥಳದಲ್ಲಿ ಸಂಘವೆಂಬುದು ಬರಿಯ ಹಬ್ಬ ಉತ್ಸವಗಳಿಗಾಗಿ ಅಲ್ಲವೆಂಬುದು ಮನಸ್ಸಿಗೆ ಹೊಳೆಯುತ್ತದೆ.

ವಿಶ್ವಾಸದಿಂದ ಏನು ಸಾಧಿಸಬಹುದೆಂಬುದನ್ನು ವಾಲ್ಡೆಮಾರ್ ಹಾಫ್ಕಿನ್ ತೋರಿಸಿದರು. ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಸಣ್ಣ ಕೋಣೆಯಲ್ಲಿ ತಾವು ಸಿದ್ಧಪಡಿಸಿದ ಲಸಿಕೆಯನ್ನು ಅವರು ೧೮೯೭ರ ಜನವರಿ ೧೦ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಆ ತಿಂಗಳ ಕೊನೆಗೆ ಬೈಕಲಾ ಸೆರೆಮನೆಯಲ್ಲಿ ಪರೀಕ್ಷೆ ನಡೆಯಿತು. ಚುಚ್ಚಿಸಿಕೊಳ್ಳದವರಲ್ಲಿ ೧೨ ಮಂದಿಗೆ ರೋಗ ತಗಲಿ ೬ ಮಂದಿ ಸತ್ತರು. ಚುಚ್ಚಿಸಿಕೊಂಡವರಲ್ಲಿ ಇಬ್ಬರಿಗೆ ತಗಲಿತು, ಸತ್ತವರಿಲ್ಲ. ಮುಂದಿನ ವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಈ ಲಸಿಕೆ ಹಾಕಲಾಯಿತು. ೧೮೯೯ರಲ್ಲಿ ಪ್ರಯೋಗಶಾಲೆಯು ಪರೇಲಿನ ಹಳೆಯ ಗವರ್ನರ ಬಂಗಲೆಗೆ ಬಂದಿತು. ೧೯೨೫ರಿಂದ ಅದು ಹಾಫ್ಕಿನ್ ಸಂಸ್ಥೆಯೆಂದು ಹೆಸರಾಗಿದೆ.

ಸಾವಿನ ಲೆಕ್ಕ

ಎಷ್ಟು ಮಂದಿ ಸತ್ತರು? ಈ ಪ್ರಶ್ನೆಗೆ ಉತ್ತರ ಸರಳವಲ್ಲ. ಮನೆ ಸುಡಿಸುವರು, ಹೆಂಡತಿಮಕ್ಕಳನ್ನು ಶಿಬಿರಕ್ಕೆ ಅಟ್ಟುವರು ಎಂಬ ಭಯದಿಂದ ಪ್ಲೇಗಿನ ಸಾವುಗಳನ್ನು ಬೇರೆ ಜ್ವರದ ಹೆಸರಿನಲ್ಲಿ ಬರೆಯಿಸುತ್ತಿದ್ದರು. ಆಗ ಆರೋಗ್ಯ ಇಲಾಖೆ ಅನುಸರಿಸಿದ ಉಪಾಯ ಗಮನಿಸತಕ್ಕದ್ದು. ಕಾರಣವನ್ನು ಬದಿಗಿಟ್ಟು, ಆ ವಾರ ಸತ್ತವರ ಒಟ್ಟು ಸಂಖ್ಯೆಯನ್ನು ಹಿಂದಿನ ವರ್ಷಗಳ ಅದೇ ವಾರದ ಸರಾಸರಿಯೊಡನೆ ಹೋಲಿಸುವುದು. ಹೆಚ್ಚಾದದ್ದಷ್ಟೂ ಮಹಾಮಾರಿಯ ಪಾಲು. ರೋಗದ ಹೆಸರನ್ನು ಅಡಗಿಸಬಹುದು, ಹೆಣವನ್ನು ಅಡಗಿಸಲಾಗದು. ೧೮೯೧ರ ಜನಗಣತಿಯಲ್ಲಿ ೮,೨೧,೭೬೪ ಇದ್ದ ಮುಂಬಯಿಯ ಜನಸಂಖ್ಯೆ ೧೯೦೧ರಲ್ಲಿ ೭,೭೬,೦೦೬ಕ್ಕೆ ಇಳಿದಿತ್ತು. ಸತ್ತವರೊಡನೆ, ಪ್ಲೇಗಿನ ಋತುವೆಂದು ಊರಿಗೆ ಓಡಿದ್ದವರೂ ಈ ಇಳಿತದಲ್ಲಿ ಸೇರಿದ್ದಾರೆ. ದೇಶದಾದ್ಯಂತ ಮುಂದಿನ ದಶಕಗಳಲ್ಲಿ ಒಂದು ಕೋಟಿಗೂ ಮಿಕ್ಕಿ ಜನ ಈ ರೋಗಕ್ಕೆ ಬಲಿಯಾದರು.

ರೋಗ ಮನೆಯಲ್ಲಿದೆ, ಮೈಯಲ್ಲಿ ಮಾತ್ರವಲ್ಲ ಎಂಬ ಅರಿವಿನಿಂದ ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್, ಇಂದು ಮಹಮ್ಮದಲಿ ರೋಡ್ ಎನಿಸಿರುವ ರಸ್ತೆ, ಇವೆಲ್ಲ ಸಮುದ್ರದ ಗಾಳಿ ಒಳಗೆ ಬರಲೆಂದು ಕೊರೆದ ದಾರಿಗಳು. ದಾದರ, ಮಾಟುಂಗಾ, ವಡಾಳಾ, ಶಿವ್‌ಗಳ ಬಡಾವಣೆಗಳೂ ಅದರ ಯೋಜನೆಯೇ. ಮೈಸೂರು ಅಸೋಸಿಯೇಶನ್ ೧೯೨೬ರಲ್ಲಿ ಹುಟ್ಟಿ ಬೆಳೆದ ಮಾಟುಂಗಾದ ಮರಗಳ ನೆರಳಿನಲ್ಲಿ ನಡೆಯುವಾಗ, ಆ ಅಗಲದ ಹಿಂದೆ ಮಾಂಡವಿಯ ಸಾವಿದೆ ಎಂಬುದನ್ನು ನಾವು ಮರೆಯಬಾರದು. ಆದರೆ ಹೊಸ ಬಡಾವಣೆಯಲ್ಲಿ ಮನೆ ಮಾಡಿದವರು ಮಧ್ಯಮ ವರ್ಗದವರು; ಕೆಡವಿದ ಚಾಳಿನ ಬಡವ ಪಕ್ಕದ ಚಾಳಿಗೆ ನುಗ್ಗಿ ಅಲ್ಲಿಯ ಇಕ್ಕಟ್ಟನ್ನು ಹೆಚ್ಚಿಸಿದನು. ಮುಂದೆ ೧೯೨೦ರ ದಶಕದಲ್ಲಿ ವರಳಿ, ನಾಯಗಾಂವ್ ಮೊದಲಾದೆಡೆ ಎದ್ದ ೨೦೭ ಬಿ.ಡಿ.ಡಿ. ಚಾಳುಗಳಲ್ಲಿಯೂ ಒಂದು ಸಂಸಾರಕ್ಕೆ ದೊರೆತದ್ದು ೧೬೦ ಚದರಡಿಯ ಒಂದು ಕೋಣೆ.

ಇಂದಿಗೆ ಈ ಕಥೆಯೇಕೆ?

ಪ್ಲೇಗು ಮುಂಬಯಿಯನ್ನು ಬಿಟ್ಟು ಹೋಗಿದೆ. ಕಿಟಕಿಯಿಲ್ಲದ ಕೋಣೆ ಬಿಟ್ಟು ಹೋಗಿಲ್ಲ. ಅಲ್ಲೀಗ ಕ್ಷಯ ಕುಳಿತಿದೆ. ಗೋವಂಡಿಯ ಪುನರ್ವಸತಿ ಕಟ್ಟಡಗಳನ್ನು ಪರಿಶೀಲಿಸಿ ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಟ್ಟಡಗಳು ಒಂದಕ್ಕೊಂದು ಒತ್ತಿಕೊಂಡು ಬಿಸಿಲು ಗಾಳಿ ಸುಳಿಯದ ಕಡೆ ಕ್ಷಯ ಹೆಚ್ಚೆಂದು ಕಂಡಿತು. ೨೦೨೦ರ ಜುಲೈಯಲ್ಲಿ ಮಾಟುಂಗಾ, ಚೆಂಬೂರು, ದಹಿಸರಗಳ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಕೊಳಚೆ ಪ್ರದೇಶದವರಲ್ಲಿ ಶೇಕಡಾ ೫೭ ಮಂದಿಗೂ ಉಳಿದೆಡೆಯವರಲ್ಲಿ ಶೇಕಡಾ ೧೬ ಮಂದಿಗೂ ಕೊರೋನಾ ಸೋಂಕು ತಗಲಿ ಹೋಗಿತ್ತೆಂದು ತಿಳಿಯಿತು. ವಾರ್ಡು ಒಂದೇ, ಗಾಳಿ ಒಂದೇ. ಬೇರೆಯಾದದ್ದು ಮಲಗುವ ಜಾಗ. ಆ ವರ್ಷವೂ ಸರಕಾರ ಕೈಗೆತ್ತಿಕೊಂಡದ್ದು ೧೮೯೭ರ ಅದೇ ಕಾಯಿದೆಯನ್ನು.

ನಮ್ಮ ಸಂಘಸಂಸ್ಥೆಗಳಲ್ಲಿ ನಾವು ಬಿನ್ನವಿಸಿಕೊಳ್ಳುವುದಿಷ್ಟೆ. ನಮ್ಮ ಹೊಟೇಲುಗಳಲ್ಲಿ ದುಡಿಯುವ ಹುಡುಗರು ರಾತ್ರಿ ಎಲ್ಲಿ ಮಲಗುತ್ತಾರೆ, ಆ ಮಾಳಿಗೆಗೆ ಗಾಳಿಗಂಡಿ ಇದೆಯೇ ಎಂಬುದನ್ನು ಹೋಗಿ ನೋಡಬೇಕು. ಎರಡು ವಾರ ಮೀರಿ ಕೆಮ್ಮುವವನನ್ನು ಕೆಲಸದಿಂದ ತೆಗೆದು ಊರಿನ ಬಸ್ಸು ಹತ್ತಿಸುವ ಬದಲು ನಗರಸಭೆಯ ದವಾಖಾನೆಗೆ ಕರೆದೊಯ್ಯಬೇಕು. ಕ್ಷಯದ ಮದ್ದು ಅಲ್ಲಿ ಧರ್ಮಾರ್ಥವಾಗಿ ಸಿಗುತ್ತದೆ, ಸಾಮಾನ್ಯ ಕ್ಷಯ ಆರು ತಿಂಗಳ ಬಿಡದ ಚಿಕಿತ್ಸೆಯಿಂದ ಗುಣವಾಗುತ್ತದೆ. ಕೆಲಸ ಹೋಗುವುದೆಂಬ ಭಯವಿದ್ದಲ್ಲಿ ರೋಗ ಅಡಗುತ್ತದೆ. ಅಡಗಿದ ರೋಗ ಪಕ್ಕದ ಹಾಸಿಗೆಗೆ ದಾಟುತ್ತದೆ. ಮಾಂಡವಿಯ ಜನ ರೋಗಿಯನ್ನು ಅಡಗಿಸಿದ್ದು ಅಜ್ಞಾನದಿಂದಲ್ಲ, ಆಳುವವರ ಮೇಲೆ ನಂಬಿಕೆಯಿಲ್ಲದ್ದರಿಂದ. ನಮ್ಮ ಹುಡುಗರಿಗೆ ನಮ್ಮ ಮೇಲೆ ಆ ನಂಬಿಕೆ ಇರುವಂತೆ ನಡೆದುಕೊಳ್ಳುವುದು ನಮ್ಮ ಕೈಯಲ್ಲಿದೆ.