ಕಂಬಳದ ರಾತ್ರಿಯ ಅನ್ನ, ಗೋಡೆಯ ಮೇಲಿನ ನಂಬರು

ಕಂಬಳದ ಓಟಗಾರ ಶ್ರೀನಿವಾಸ ಗೌಡರ ಊರು ಮಿಜಾರು. ಇಲ್ಲಿಯ ಜನ ಹೊರಗೆ ಉಣ್ಣುವುದು ಎಂಜಿನಿಯರಿಂಗ್ ಕಾಲೇಜಿನ ಮೆಸ್ಸಿನಲ್ಲಿ, ಗೂಡಂಗಡಿಯಲ್ಲಿ, ಇಲ್ಲವೇ ನೇಮ-ಕಂಬಳದ ಸ್ಟಾಲಿನಲ್ಲಿ. ಎಲ್ಲಕ್ಕೂ ಕಾನೂನು ಒಂದೇ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ.

ತಪ್ಪು ಕಲ್ಪನೆ: ಒಂದು ರಾತ್ರಿಯ ಸ್ಟಾಲಿಗೆ ಎಂಥ ಫುಡ್ ಲೈಸೆನ್ಸ್?

ವಾಸ್ತವ: 31ನೇ ಸೆಕ್ಷನ್ ಸಣ್ಣ ವ್ಯಾಪಾರಿಗಳಿಗೆ ವಿನಾಯಿತಿ ಕೊಟ್ಟದ್ದು ಲೈಸೆನ್ಸಿನಿಂದ, ನೋಂದಣಿಯಿಂದಲ್ಲ. 2011ರ ನಿಯಮದಲ್ಲಿ ತಾತ್ಕಾಲಿಕ ಸ್ಟಾಲು, ತಿರುಗಾಡಿ ಮಾರುವವರು, ಧಾರ್ಮಿಕ ಕೂಟದಲ್ಲಿ ಊಟ ಹಂಚುವವರು ಎಲ್ಲರ ಹೆಸರೂ ಇದೆ. ಆಗ ನಿಗದಿಯಾದ ಶುಲ್ಕ ವರ್ಷಕ್ಕೆ 100 ರೂಪಾಯಿ. ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರುವವರೂ ಇದರಿಂದ ಹೊರಗಲ್ಲ.

ತಪ್ಪು ಕಲ್ಪನೆ: ನೋಂದಣಿ ನಂಬರು ಗೋಡೆಗೆ ಅಂಟಿಸಿದರೆ ಮುಗಿಯಿತು.

ವಾಸ್ತವ: 14 ಅಂಕಿಯ ಆ ನಂಬರಿಗೆ ಬ್ಯಾಕ್ಟೀರಿಯಾ ಹೆದರುವುದಿಲ್ಲ. ಅದೇ ನಿಯಮದ 4ನೇ ಅನುಸೂಚಿ ಓದಿ: ಕುಡಿಯಲು ಯೋಗ್ಯವಾದ ನೀರು, ಅದೇ ನೀರಿನ ಐಸು, ಕೆಲಸದವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ.

ತಪ್ಪು ಕಲ್ಪನೆ: ಇನ್ನೊಮ್ಮೆ ಕುದಿಸಿದರೆ ಎಲ್ಲ ಸರಿ.

ವಾಸ್ತವ: ಜನರನ್ನು ಆಸ್ಪತ್ರೆಗೆ ಕಳಿಸುವುದು ಹೆಚ್ಚಾಗಿ ಈ ನಂಬಿಕೆಯೇ ಎಂದು ನನ್ನ ಅಂದಾಜು. ಮೂಡುಬಿದಿರೆ ಕಡಲಕೆರೆಯ ಕಂಬಳದಲ್ಲಿ ಕೋಣ ಓಡುವುದು ರಾತ್ರಿಯಿಡೀ. ಸಂಜೆ ಬಸಿದ ಅನ್ನ ಬೆಳಗಿನ ಜಾವದವರೆಗೆ ತಪಲೆಯಲ್ಲೇ ಕೂತರೆ ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಬೀಜಕಣ ಅನ್ನ ಬೇಯುವಾಗ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಮೊಳೆಯುತ್ತದೆ. ಅದು ಬಿಟ್ಟ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಬಂಗುಡೆಯ ಕತೆಯೂ ಇದೇ. ಐಸಿಲ್ಲದೆ ಇಟ್ಟ ಮೀನಿನಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಕಟ್ಟಿಕೊಂಡರೆ ಕಾದ ಎಣ್ಣೆಯಲ್ಲಿ ಹುರಿದರೂ ಅದು ಉಳಿಯುತ್ತದೆ. ತಿಂದವರ ಮುಖ ಕೆಂಪೇರುತ್ತದೆ, ತುರಿಕೆ ಏಳುತ್ತದೆ, ‘ಮೀನು ಅಲರ್ಜಿ’ ಎಂದು ಮನೆಗೆ ಹೋಗುತ್ತಾರೆ. ಆದ್ದರಿಂದ ಬಿಸಿ ಊಟ 60 ಡಿಗ್ರಿಗಿಂತ ಮೇಲೆ, ತಣ್ಣಗಿನದು 5ಕ್ಕಿಂತ ಕೆಳಗೆ. ಇದಕ್ಕೊಂದು ‘ಪ್ಲಾನು’ ಬೇಕು ಎಂದರೆ ಅಡುಗೆಯವರು ಹೆದರಬೇಕಿಲ್ಲ. ಒಂದೇ ಸಲ ದೊಡ್ಡ ಹಂಡೆ ಇಡುವ ಬದಲು ರಾತ್ರಿ ಮೂರು ಸಲ ಸಣ್ಣ ತಪಲೆ, ಪ್ರತಿ ತಪಲೆಗೆ ಇಳಿಸಿದ ಗಂಟೆ ಸೀಮೆಸುಣ್ಣದಲ್ಲಿ ಬರೆದಿರಬೇಕು.

ತಪ್ಪು ಕಲ್ಪನೆ: ಬಣ್ಣ ಇಲ್ಲದಿದ್ದರೆ ಕಬಾಬು ಹೋಗುವುದಿಲ್ಲ.

ವಾಸ್ತವ: 2024ರ ಜೂನ್‌ನಲ್ಲಿ ರಾಜ್ಯ ಸರಕಾರ ಕಬಾಬಿಗೆ ಕೃತಕ ಬಣ್ಣ ನಿಷೇಧಿಸಿತು. ಬ್ಯಾಡಗಿ ಮೆಣಸು ಬೆಳೆಯುವ ರಾಜ್ಯದಲ್ಲಿ ಸನ್‌ಸೆಟ್ ಯೆಲ್ಲೋ ಎಂಬ ಬಣ್ಣ ಯಾಕೆ ಬೇಕಿತ್ತೋ!

ತಪ್ಪು ಕಲ್ಪನೆ: ಅಧಿಕಾರಿ ಬಂದರೆ ಅಂಗಡಿಗೆ ಬೀಗವೇ.

ವಾಸ್ತವ: ಸಾಮಾನ್ಯವಾಗಿ ಮೊದಲು 32ನೇ ಸೆಕ್ಷನ್ನಿನ ಸುಧಾರಣಾ ನೋಟಿಸು ಬರುತ್ತದೆ. ಯಾವ ತಪ್ಪು, ಹೇಗೆ ಸರಿಪಡಿಸಬೇಕು ಎಂದು ಅದರಲ್ಲೇ ಬರೆದಿರಬೇಕು, ಕನಿಷ್ಠ 14 ದಿನ ಕೊಡಬೇಕು. ಅಷ್ಟಾದರೂ ಕದಲದಿದ್ದರೆ ಲೈಸೆನ್ಸು ಅಮಾನತಾಗಬಹುದು. ಜನರ ಆರೋಗ್ಯಕ್ಕೆ ಅಪಾಯವಿದೆ ಎನಿಸಿದಾಗ 34ನೇ ಸೆಕ್ಷನ್ನಿನಡಿ ತುರ್ತು ನಿಷೇಧಕ್ಕೂ ಅವಕಾಶವಿದೆ.