ಡೇರಿ ಕಟ್ಟೆಗೇ ಬರಲಿ ಬಿಪಿ ಮಿಷನ್

2025ರ ಜೂನ್, ಜುಲೈ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ದಿನವೂ ಸುದ್ದಿಯಾದಾಗ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಂದೂ ಆಸ್ಪತ್ರೆಯ ಮೆಟ್ಟಿಲು ಹತ್ತದವರೂ ಇಸಿಜಿಗಾಗಿ ಸಾಲಿನಲ್ಲಿ ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿಗೆ ನಿಗೂಢ ಕಾರಣವೇನೂ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ವೈರಿಗಳೇ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು, ಬೀಡಿ-ಸಿಗರೇಟು, ಕುಡಿತ. ತೀರಿಕೊಂಡವರಲ್ಲಿ ಆಟೊ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟಿದ್ದರು. ದಿಗಿಲು ಇಳಿಯುತ್ತಲೇ ಸಾಲೂ ಕರಗಿತು. ಹೆದರಿಕೆ ಗಂಡಸನ್ನು ಒಂದು ದಿನ ಆಸ್ಪತ್ರೆಗೆ ಎಳೆದು ತರಬಲ್ಲದು. ವರ್ಷವಿಡೀ ಮಾತ್ರೆ ನುಂಗಿಸಲಾರದು. ಅಂದಿನ ಇಸಿಜಿ ಸರಿ ಬಂದರೆ ಹೃದಯ ಗಟ್ಟಿಯಾಗಿದೆ ಎಂದು ಹೇಳಲೂ ಬರುವುದಿಲ್ಲ. ಏರಿದ ಬಿಪಿ ಹೆಚ್ಚಿನವರಲ್ಲಿ ಯಾವ ಸೂಚನೆಯನ್ನೂ ಕೊಡದೆ ರಕ್ತನಾಳ, ಮೂತ್ರಪಿಂಡಗಳನ್ನು ವರ್ಷಗಟ್ಟಲೆ ಸವೆಸುತ್ತಿರುತ್ತದೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ಶೇ 24ರಷ್ಟು ಮಂದಿಗೆ ರಕ್ತದೊತ್ತಡ ಹೆಚ್ಚಿದೆ ಅಥವಾ ಅವರು ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹೆಂಗಸರಲ್ಲಿ ಇದು ಶೇ 21.3. ಅಂತರ ಅಷ್ಟೇನೂ ದೊಡ್ಡದಲ್ಲ. ಆದರೆ ತಂಬಾಕು ಬಳಸುವವರು ಗಂಡಸರಲ್ಲಿ ಶೇ 38, ಹೆಂಗಸರಲ್ಲಿ ಶೇ 8.9. ಇದರ ಫಲ ಆಸ್ಪತ್ರೆಯ ವಾರ್ಡಿನಲ್ಲಿ ಕಾಣುತ್ತದೆ. ನಲವತ್ತು ತುಂಬುವ ಮೊದಲೇ ಹೃದಯಾಘಾತವಾದವರ ಬಗ್ಗೆ ಜಯದೇವ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ ಬಹುಪಾಲು ರೋಗಿಗಳು ಗಂಡಸರು, ಧೂಮಪಾನವೇ ಮುಂಚೂಣಿಯ ಕಾರಣ. ಮಗು ಇನ್ನೂ ಅಂಗನವಾಡಿಯಲ್ಲಿರುವಾಗ ಅಪ್ಪ ಐಸಿಯುನಲ್ಲಿ ಮಲಗುವ ಕಾಲ ಇದು.

ಇದಕ್ಕೆ ನಾವು ಕೊಡುವ ಸಿದ್ಧ ವಿವರಣೆ, ಗಂಡಸರು ಮೊಂಡರು ಎಂಬುದು. ಮಗಳ ಮದುವೆ ಮುಗಿಯಲಿ, ಕೊಯ್ಲು ಆಗಲಿ, ಸಾಲ ತೀರಲಿ ಎಂದು ಮುಂದೂಡುವ ಅಪ್ಪಂದಿರು ಎಲ್ಲ ಮನೆಗಳಲ್ಲೂ ಇದ್ದಾರೆ, ಸುಳ್ಳಲ್ಲ. ಆದರೆ ಬೈದದ್ದರಿಂದ ಅವರು ಬದಲಾಗಿಲ್ಲ. ಹೆಣ್ಣುಮಗಳು ಗರ್ಭಿಣಿಯಾದ ಕೂಡಲೇ ತಾಯಿ ಕಾರ್ಡ್ ಬರುತ್ತದೆ. ಪ್ರತಿ ತಪಾಸಣೆಯಲ್ಲೂ ಬಿಪಿ, ತೂಕ, ಹಿಮೋಗ್ಲೋಬಿನ್ ದಾಖಲಾಗುತ್ತವೆ. ಗಂಡಸಿಗೆ ಶಾಲೆ ಬಿಟ್ಟ ದಿನದಿಂದ ಲಕ್ವ ಹೊಡೆಯುವ ದಿನದವರೆಗೆ ಆರೋಗ್ಯ ಇಲಾಖೆ ಎದುರಾಗುವ ಒಂದು ಸಹಜ ಸಂದರ್ಭವೂ ಇಲ್ಲ. ಮೂವತ್ತು ದಾಟಿದವರೆಲ್ಲರ ತಪಾಸಣೆಯ ಕಾರ್ಯಕ್ರಮವೇನೋ ಇದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ತಂಬಾಕು, ಕುಡಿತ, ವ್ಯಾಯಾಮದ ಪ್ರಶ್ನೆ ಕೇಳಿ ಸೊಂಟದ ಸುತ್ತಳತೆ ಬರೆದುಕೊಳ್ಳುತ್ತಾರೆ. ಗಂಡಸರಿಗೆ 90 ಸೆಂಟಿಮೀಟರ್ ದಾಟಿದರೆ ಅಪಾಯದ ಅಂಕ ಏರುತ್ತದೆ. ಆದರೆ ಅವರು ಬರುವ ಹಗಲು ಹೊತ್ತಿನಲ್ಲಿ ಆತ ಹೊಲದಲ್ಲೋ ಗ್ಯಾರೇಜಿನಲ್ಲೋ ಇರುತ್ತಾನೆ. ಪರಿಚಯವಿಲ್ಲದ ಗಂಡಸಿನ ಸೊಂಟಕ್ಕೆ ಟೇಪು ಸುತ್ತಲು ಆಕೆಗೂ ಮುಜುಗರ. ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುವುದೂ ಆತನ ದುಡಿಮೆಯ ಹೊತ್ತಿನಲ್ಲೇ. ಅರ್ಧ ದಿನದ ಕೂಲಿ ಕಳೆದುಕೊಂಡು, ಏನೂ ನೋಯದ ದೇಹವನ್ನು ತೋರಿಸಿ ಬಾ ಎಂದರೆ ಯಾರಾದರೂ ಹಿಂದೆಮುಂದೆ ನೋಡುತ್ತಾರೆ.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹೃದಯತಜ್ಞ ರೊನಾಲ್ಡ್ ವಿಕ್ಟರ್ ತಂಡ ಮಾಡಿದ ಪ್ರಯೋಗ ಇಲ್ಲಿ ದಾರಿ ತೋರಿಸುತ್ತದೆ. ಕಪ್ಪು ಸಮುದಾಯದವರ 52 ಕ್ಷೌರದಂಗಡಿಗಳಿಗೆ ತಪ್ಪದೆ ಬರುತ್ತಿದ್ದ, ಬಿಪಿ ಏರಿದ್ದ 319 ಗಂಡಸರನ್ನು ಅವರು ಆರಿಸಿಕೊಂಡರು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ಊಟ-ಉಪಚಾರದ ಬಗ್ಗೆ ತಿಳಿಹೇಳಿ ವೈದ್ಯರ ಬಳಿ ಹೋಗಿ ಎಂದರು. ಉಳಿದ ಅಂಗಡಿಗಳಿಗೆ ಔಷಧ ತಜ್ಞರೇ ಬಂದು, ವೈದ್ಯರ ಜೊತೆಗಿನ ಒಪ್ಪಂದದಂತೆ ಅಲ್ಲೇ ಮಾತ್ರೆ ಬರೆದುಕೊಟ್ಟು, ಮುಂದಿನ ಸಲ ಅಳೆದು ಪ್ರಮಾಣ ಸರಿಪಡಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಆರು ತಿಂಗಳಲ್ಲಿ ಮೇಲಿನ ಬಿಪಿ ಮೊದಲ ಗುಂಪಿನಲ್ಲಿ ಸರಾಸರಿ 9ರಷ್ಟು, ಎರಡನೆಯದರಲ್ಲಿ 27ರಷ್ಟು ಇಳಿಯಿತು. ಪರಿಚಿತ ಬಾಯಿಂದ ಬಂದ ಬುದ್ಧಿಮಾತೂ ವ್ಯರ್ಥವಾಗಲಿಲ್ಲ, ನಿಜ. ಆದರೆ ದೊಡ್ಡ ಇಳಿಕೆ ಆದದ್ದು ಮಾತ್ರೆ ಗಂಡಸರಿದ್ದಲ್ಲಿಗೆ ಬಂದಾಗ. ನನ್ನ ವಾದ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ.

ಹಾಸನ, ಮಂಡ್ಯ, ಕೋಲಾರದ ಹಳ್ಳಿಗಳಲ್ಲಿ ಅಂಥ ಜಾಗ ಯಾವುದೆಂದರೆ, ನನ್ನ ಮಟ್ಟಿಗೆ ಹಾಲಿನ ಡೇರಿ. ದಿನಕ್ಕೆರಡು ಸಲ ಕ್ಯಾನು ಹಿಡಿದು ಗಂಡಸರು ಅಲ್ಲಿ ನಿಲ್ಲುತ್ತಾರೆ. ಕಾರ್ಯದರ್ಶಿ ಪ್ರತಿ ಮನೆಯ ಹಾಲನ್ನೂ ಮಿಷನ್ನಿಗೆ ಹಾಕಿ ಕೊಬ್ಬಿನ ಅಂಶ ಎಷ್ಟು ಎಂದು ಬರೆದುಕೊಡುತ್ತಾನೆ. ದಶಮಾಂಶದಷ್ಟು ಇಳಿದರೂ ಮನೆಯಲ್ಲಿ ಮೇವಿನ ಚರ್ಚೆ ಶುರು. ಹಸುವಿಗೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಕೊಟ್ಟಿಗೆಗೇ ಬರುತ್ತದೆ. ಹಸುವಿನ ಮೇಲೆ ಇಷ್ಟು ನಿಗಾ ಇಟ್ಟ ಅದೇ ಮನುಷ್ಯನ ಬಿಪಿಯನ್ನು ಯಾರೂ ಅಳೆದಿರುವುದಿಲ್ಲ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆ ಐದು ಲಕ್ಷ ರೂಪಾಯಿವರೆಗೆ ಶಸ್ತ್ರಚಿಕಿತ್ಸೆಯ ಭಾರ ಹೊರುತ್ತದೆ. ಅಂದರೆ ರೋಗ ಬಲಿತು ಆಪರೇಷನ್ನಿಗೆ ಬಂದಾಗ ವ್ಯವಸ್ಥೆ ಇದೆ. ಅಲ್ಲಿಗೆ ಹೋಗದಂತೆ ತಡೆಯುವ ಅಗ್ಗದ ಆಮ್ಲೋಡಿಪಿನ್ ಮಾತ್ರೆಯನ್ನು ಡೇರಿ ಕಟ್ಟೆಗೆ ತಲುಪಿಸುವ ವ್ಯವಸ್ಥೆ ಇಲ್ಲ. ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ತಿಂಗಳಿಗೆ ಎರಡು ಬೆಳಿಗ್ಗೆ ಅಲ್ಲಿ ಕುಳಿತು, ಬಂದವರನ್ನು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ಪಾದ ನೆಲಕ್ಕೆ ಊರಿಸಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು ಅಳೆಯಬೇಕು. ಅರ್ಧ ಗಂಟೆ ಮೊದಲು ಕಾಫಿಯೂ ಬೀಡಿಯೂ ಬೇಡ. ಎರಡು ಬೇರೆ ದಿನ ಹೆಚ್ಚು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಸೂಚನೆಯಂತೆ ಮಾತ್ರೆ ಅಲ್ಲೇ ಕೈಗೆ ಬರಬೇಕು. ಬರೀ ಶಿಬಿರ ಮಾಡಿ ಫೋಟೊ ತೆಗೆಸಿಕೊಂಡು ಹೋಗುವುದಾದರೆ ಅದು ಬೇಡವೇ ಬೇಡ.

ಹೆಂಗಸರ ಆರೋಗ್ಯವೇ ಹದಗೆಟ್ಟಿರುವಾಗ ಗಂಡಸರಿಗೇಕೆ ಈ ಉಪಚಾರ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದೇ ಸಮೀಕ್ಷೆಯಲ್ಲಿ 15ರಿಂದ 49ರೊಳಗಿನ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ. ಗಂಡಸರಲ್ಲಿ ಶೇ 25. ತಾಯಿ ಕಾರ್ಡ್ ಕೂಡ ಆಕೆಯ ಬಸಿರನ್ನು ಕಾಯುವಷ್ಟು ಆಕೆಯನ್ನು ಕಾಯುವುದಿಲ್ಲ. ಆದರೆ ಲಕ್ವ ಹೊಡೆದ ಗಂಡನನ್ನು ಹೊರಳಿಸಿ ಮಲಗಿಸುವವಳು, ಕೂಲಿಗೆ ಹೊರಡುವವಳು, ಸಾಲಗಾರರಿಗೆ ಉತ್ತರ ಕೊಡುವವಳು ಆಕೆಯೇ. ಹಾಲು ತಂದ ಹೆಂಗಸರೂ ಡೇರಿಯಲ್ಲಿ ಅಳೆಸಿಕೊಳ್ಳಬಹುದು. ಯಾರ ಪಾಲನ್ನೂ ಕಿತ್ತುಕೊಂಡಂತಾಗುವುದಿಲ್ಲ.

ಅಜ್ಜ ಬೀಡಿ ಸೇದಿಕೊಂಡೇ ತೊಂಬತ್ತು ಬದುಕಿದ ಎನ್ನುವವರು, ಅಜ್ಜನ ಓರಗೆಯ ಎಷ್ಟು ಜನ ಐವತ್ತಕ್ಕೇ ಹೋದರೆಂದು ಎಣಿಸಿರುವುದಿಲ್ಲ. ಅಜ್ಜ ನಡೆಯುತ್ತಿದ್ದ ದಾರಿಯಲ್ಲಿ ಮೊಮ್ಮಗ ಬೈಕಿನಲ್ಲಿ ಹೋಗುತ್ತಾನೆ. ಇನ್ನೊಂದು ಅಳುಕು ಹೆಚ್ಚು ಗಂಭೀರವಾದದ್ದು: ಒಮ್ಮೆ ಮಾತ್ರೆ ಹಿಡಿದರೆ ಸಾಯುವತನಕ ಬಿಡುವಂತಿಲ್ಲವಂತೆ. ಹಲವರ ವಿಷಯದಲ್ಲಿ ಅದು ನಿಜ, ಮುಚ್ಚಿಡಬೇಕಾಗಿಲ್ಲ. ಉಪ್ಪು ಕಡಿಮೆ ಮಾಡಿ, ತೂಕ ಇಳಿಸಿ, ಕುಡಿತ ಬಿಟ್ಟವರಲ್ಲಿ ಕೆಲವರಿಗೆ ವೈದ್ಯರು ಪ್ರಮಾಣ ತಗ್ಗಿಸುವುದೂ ಉಂಟು. ಆದರೆ ಮಾತ್ರೆ ಚಟ ಹತ್ತಿಸುವುದರಿಂದ ಅದನ್ನು ನುಂಗುತ್ತಿರಬೇಕಾಗಿ ಬಂದಿಲ್ಲ. ರೋಗ ಹೋಗದೆ ಉಳಿದಿರುವುದರಿಂದ ಬಂದಿದೆ. ಬಿಪಿ ಇಳಿಯಿತೆಂದು ತಾವೇ ಮಾತ್ರೆ ಬಿಟ್ಟರೆ ಅದು ಮತ್ತೆ ಏರುತ್ತದೆ, ಈ ಸಲವೂ ಸುಳಿವು ಕೊಡದೆ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಆರೋಗ್ಯ ಇಲಾಖೆಯ ಸಿಬ್ಬಂದಿ ಇದ್ದಾರೆ, ಸಂಘದಲ್ಲಿ ಸದಸ್ಯರ ಪಟ್ಟಿ ಇದೆ, ಕಟ್ಟೆ ಇದೆ, ಜನ ತಾವಾಗಿ ಬರುವ ಹೊತ್ತೂ ಗೊತ್ತಿದೆ. ಪ್ರತಿ ಹಾಲು ಉತ್ಪಾದಕರ ಸಂಘವೂ ವರ್ಷಕ್ಕೊಮ್ಮೆ ಮಹಾಸಭೆ ಕರೆಯುತ್ತದೆ. ಅಲ್ಲಿ ಬೋನಸ್ಸಿನ ಚರ್ಚೆಗೆ ಗಂಟೆಗಟ್ಟಲೆ ಹೋಗುತ್ತದೆ. ಈ ಸಲದ ಸಭೆಯಲ್ಲಿ ಯಾವ ಸದಸ್ಯ ಬೇಕಾದರೂ ಎದ್ದು ನಿಂತು, ತಿಂಗಳಿಗೆರಡು ಬೆಳಿಗ್ಗೆ ಬಿಪಿ ಮಿಷನ್ ಮತ್ತು ಮಾತ್ರೆ ಡೇರಿಗೆ ಬರಲಿ ಎಂದು ಆರೋಗ್ಯ ಕೇಂದ್ರಕ್ಕೆ ಪತ್ರ ಬರೆಯುವ ಠರಾವು ಮಂಡಿಸಬಹುದು.