ಪ್ಲಗ್ ಬಿಚ್ಚಿ ನೋಡಿ

ಹಳೆಯ ಚೇತಕ್ ಸ್ಕೂಟರ್ ಮುಕ್ಕರಿಸತೊಡಗಿದರೆ ಮೊದಲು ಬೈಸಿಕೊಳ್ಳುವುದು ಕಾರ್ಬ್ಯುರೇಟರ್. ಕಿಕ್ ಹೊಡೆದು ಕಾಲು ಸೋತವರು, ಏರಿನಲ್ಲಿ ಹಿಂದೆ ಕೂತವರನ್ನು ಇಳಿಸಿ ನಡೆಸಿದವರು, ಎಲ್ಲರೂ ‘ಕಾರ್ಬ್ಯುರೇಟರ್ ಕ್ಲೀನ್ ಮಾಡಿಕೊಡಿ’ ಎಂದೇ ಗ್ಯಾರೇಜಿಗೆ ಬರುತ್ತಾರೆ. ಎಷ್ಟೋ ಸಲ ಅದರದ್ದೇನೂ ತಪ್ಪಿರುವುದಿಲ್ಲ. ವಯಸ್ಸಾದ ಟೂ-ಸ್ಟ್ರೋಕ್ ಎಂಜಿನ್ನನ್ನು ಪೆಟ್ರೋಲಿಗಿಂತ ಹೆಚ್ಚು ಕಾಡುವುದು ಗಾಳಿ. ಬರಬಾರದ ಸಂದಿಯಿಂದ ಅದು ಒಳಗೆ ನುಗ್ಗುತ್ತದೆ. ಹೋಗಬೇಕಾದ ಹೊಗೆ ಹೊರಗೆ ಹೋಗುವುದಿಲ್ಲ.

ಇಟಲಿಯ ವೆಸ್ಪಾ ಸ್ಪ್ರಿಂಟ್‌ನ ಅಚ್ಚಿನಲ್ಲಿ 1972ರಲ್ಲಿ ಬಂದ ಚೇತಕ್‌ನದು ಸುಮಾರು 145 ಸಿಸಿಯ ಒಂಟಿ ಸಿಲಿಂಡರ್. ಕಾರಿನ ಎಂಜಿನ್ನಿನಂತೆ ಮೇಲೆ ಕೂತು ತೆರೆದು ಮುಚ್ಚುವ ವಾಲ್ವುಗಳು ಇದರಲ್ಲಿಲ್ಲ. ಪಿಸ್ಟನ್ ಮೇಲೇರುವಾಗ ಅದರ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿ ಎಳೆತ ಹುಟ್ಟಿ ಪೆಟ್ರೋಲ್, ಗಾಳಿ, ಆಯಿಲ್ ಮೂರೂ ಒಳಗೆ ಬರುತ್ತವೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಪಕ್ಕದ ದಾರಿಗಳಿಂದ ಸಿಲಿಂಡರಿಗೆ ಏರುತ್ತದೆ. ಅಂದರೆ ಕ್ರ್ಯಾಂಕ್ ಕೋಣೆಯೇ ಒಂದು ಪಂಪು. ಸೈಕಲ್ ಪಂಪಿನ ವಾಷರ್ ಒಣಗಿದರೆ ಎಷ್ಟು ಒತ್ತಿದರೂ ಟ್ಯೂಬು ಉಬ್ಬದಲ್ಲ, ಇಲ್ಲಿಯೂ ಹಾಗೆಯೇ.

ಈ ಪಂಪಿನ ವಾಷರ್ ಎಂದರೆ ಕ್ರ್ಯಾಂಕಿನ ಎರಡು ಬದಿಯಲ್ಲಿರುವ ರಬ್ಬರ್ ಆಯಿಲ್ ಸೀಲುಗಳು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇವುಗಳ ತುಟಿ ಗಟ್ಟಿಯಾಗಿ ಶಾಫ್ಟನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಯಾವ ಬದಿಯದ್ದು ಹೋಗಿದೆ ಎಂಬುದರ ಮೇಲೆ ಲಕ್ಷಣವೇ ಬೇರೆ. ಮ್ಯಾಗ್ನೆಟೋ ಕಡೆಯದ್ದು ಹೋದರೆ ಬರಿ ಗಾಳಿ ಒಳಬಂದು ಮಿಶ್ರಣ ತೆಳ್ಳಗಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯದೆ ಕಿರುಚುತ್ತಲೇ ಇರುತ್ತದೆ. ಚೆನ್ನಾಗಿ ಪಿಕಪ್ ಬಂದಿದೆ ಎಂದು ಹಿಗ್ಗುವವರೂ ಇದ್ದಾರೆ! ಆದರೆ ಇದರಲ್ಲಿ ಪೆಟ್ರೋಲಿನ ಜೊತೆಯಲ್ಲೇ ಆಯಿಲ್ ಬರುವುದು, ಲೀಟರಿಗೆ 20 ಮಿ.ಲೀ. ಲೆಕ್ಕದಲ್ಲಿ. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಬಿದ್ದಾಗ ಬೆಂಕಿಯ ಬಿಸಿ ಏರುತ್ತದೆ, ಅದನ್ನು ತಾಳಿಕೊಳ್ಳಲು ಬೇಕಾದ ಆಯಿಲ್ ಮಾತ್ರ ಏರುವುದಿಲ್ಲ. ಹೀಗೇ ಓಡಿಸುತ್ತ ಹೋದರೆ ಒಂದು ದಿನ ನಡುರಸ್ತೆಯಲ್ಲಿ ಪಿಸ್ಟನ್ ಸೀಜ್ ಆಗಿ ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ.

ಕ್ಲಚ್ ಕಡೆಯ ಸೀಲ್ ಹೋದರೆ ಕಥೆ ತಿರುಗುಮುರುಗು. ಗೇರ್ ಆಯಿಲ್ ಕ್ರ್ಯಾಂಕ್ ಕೋಣೆಯ ಎಳೆತಕ್ಕೆ ಸಿಕ್ಕಿ ಒಳಬಂದು ಉರಿಯುತ್ತದೆ. ಹಿಂದೆ ಬರುವವರಿಗೆ ದಾರಿ ಕಾಣದಷ್ಟು ಹೊಗೆ. ಗೇರ್ ಪೆಟ್ಟಿಗೆಯಲ್ಲಿ ಇರುವುದೇ ಕಾಲು ಲೀಟರಿನಷ್ಟು. ನೆಲದ ಮೇಲೆ ಒಂದು ಹನಿಯೂ ಬಿದ್ದಿಲ್ಲ, ಆದರೂ ಆಯಿಲ್ ಇಳಿದಿದೆ ಎಂದರೆ ಬೇರೆ ಸಾಕ್ಷಿ ಬೇಡ. ಅನುಮಾನವಿದ್ದರೆ ಲೆವೆಲ್ ಸ್ಕ್ರೂ ತೆಗೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಬರುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬೈಕುಗಳಿಗೂ ಕ್ರ್ಯಾಂಕ್ ಸೀಲಿನ ಈ ನ್ಯಾಯವೇ.

ಇದನ್ನೆಲ್ಲ ಎಂಜಿನ್ ಇಳಿಸದೆ ಊಹಿಸುವ ಬಗೆ ಇದೆ. ಗಾಡಿಯನ್ನು ಒಂದಷ್ಟು ದೂರ ಜೋರಾಗಿ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆರಿಸಿ, ಅಲ್ಲೇ ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ. ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಬಿಚ್ಚಿದರೆ ಪ್ಲಗ್ ಸುಳ್ಳು ಹೇಳುತ್ತದೆ. ನಡುವಿನ ಪಿಂಗಾಣಿ ಬಿಸ್ಕೆಟ್ ಬಣ್ಣಕ್ಕಿದ್ದರೆ ಉರಿಯುವುದರಲ್ಲಿ ದೋಷವಿಲ್ಲ. ಬೂದಿಬಿಳುಪಾಗಿದ್ದರೆ ಗಾಳಿ ಹೆಚ್ಚು. ಒಣ ಮಸಿ ಕೂತಿದ್ದರೆ ಪೆಟ್ರೋಲ್ ಹೆಚ್ಚು, ಇಲ್ಲವೇ ಏರ್ ಫಿಲ್ಟರ್ ಕಟ್ಟಿದೆ. ಕಪ್ಪಗೆ ಜಿಡ್ಡುಜಿಡ್ಡಾಗಿದ್ದರೆ ಆಯಿಲ್ ಹೆಚ್ಚು, ಅಥವಾ ಕಿಡಿಯೇ ಸೊರಗಿದೆ. ಕೆಲವೊಮ್ಮೆ ಎರಡು ತುದಿಗಳ ನಡುವಿನ 0.6 ಮಿ.ಮೀ. ಸಂದಿಗೆ ಅಡ್ಡಲಾಗಿ ಕೂದಲೆಳೆಯಂಥ ಕಾರ್ಬನ್ ಸೇತುವೆ ಕಟ್ಟಿಕೊಂಡಿರುತ್ತದೆ. ಉಗುರಿನಲ್ಲಿ ಕೆರೆದರೆ ಉದುರುವ ಅಷ್ಟು ಸಣ್ಣ ಎಳೆ ಇಡೀ ಸ್ಕೂಟರನ್ನು ನಿಲ್ಲಿಸಿರುತ್ತದೆ.

ಬೆಳಗ್ಗೆ ಒಂದೇ ಕಿಕ್ಕಿಗೆ ಶುರುವಾಗಿ, ಬಿಸಿಯಾದ ಮೇಲೆ ನಿಂತು, ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಶುರುವಾಗುವ ಗಾಡಿಯಲ್ಲಿ ಕಂಡೆನ್ಸರ್ ಅಥವಾ ಕಾಯಿಲ್ ನೋಡಬೇಕು. ಬಿಸಿಯಲ್ಲಿ ಕೈಕೊಡುವುದು ಅವುಗಳ ಸ್ವಭಾವ. ಹಳೆಯ ಮಾದರಿಗಳಲ್ಲಿ ಫ್ಲೈವ್ಹೀಲಿನ ಕಿಂಡಿಯಿಂದ ಇಣುಕಿದರೆ ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟ್ ಕಾಣುತ್ತದೆ. ಅದರ ಸಂದಿ ಸುಮಾರು 0.4 ಮಿ.ಮೀ. ಇರಬೇಕು. ಪಾಯಿಂಟಿನ ಹಿಮ್ಮಡಿ ಸವೆದು ಸಂದಿ ಕಿರಿದಾದಂತೆ ಅದು ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ, ಎಳೆತ ಹೋಗುತ್ತದೆ. ಪಾಯಿಂಟ್ ಬೇಡದ ಸಿಡಿಐ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದ ಮೇಲಿನ ಚೇತಕ್‌ಗಳಿಗೆ ಈ ತಾಪತ್ರಯವಿಲ್ಲ.

ಏರಿನಲ್ಲಿ ಮಾತ್ರ ಸೋಲುವ ಗಾಡಿಗೆ ಸೈಲೆನ್ಸರ್ ನೋಡಿ. ಟೂ-ಸ್ಟ್ರೋಕಿನಲ್ಲಿ ಹೊಗೆ ಹೊರಡುವ ಬಾಗಿಲೂ ಹೊಸ ಮಿಶ್ರಣ ಬರುವ ಬಾಗಿಲೂ ಹೆಚ್ಚುಕಡಿಮೆ ಒಟ್ಟಿಗೇ ತೆರೆದಿರುತ್ತವೆ. ಉರಿಯದ ಆಯಿಲ್ ಕಾರ್ಬನ್ ಆಗಿ ಕೊಳವೆಯಲ್ಲಿ ಕೂತರೆ ಹಳೆಯದು ಹೋಗುವುದಿಲ್ಲ, ಹೊಸದಕ್ಕೆ ಜಾಗವಿಲ್ಲ. ಆಗ ಎಂಜಿನ್ ಒಂದು ಸುತ್ತು ಬಿಟ್ಟು ಒಂದು ಸುತ್ತಿಗೆ ಉರಿಯುತ್ತ ‘ಬಡ್... ಬಡ್’ ಎನ್ನುತ್ತದೆ. ಹಿಂದಿನ ಮೆಕ್ಯಾನಿಕರು ಸೈಲೆನ್ಸರನ್ನು ಬೆಂಕಿಯಲ್ಲಿ ಸುಟ್ಟು, ತಟ್ಟಿ ಉದುರಿಸುತ್ತಿದ್ದರು. ಹೊಗೆ ಅಸಹ್ಯ, ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ.

ಒಂದೆರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಉಸ್’ ಎಂದರೆ ಮುಚ್ಚಳದ ಗಾಳಿತೂತು ಕಟ್ಟಿದೆ; ಖರ್ಚು ಸೊನ್ನೆ.

ಇಷ್ಟಾದ ಮೇಲೆ ಕಾರ್ಬ್ಯುರೇಟರ್. ಓಡುವಾಗ ಸರಿಯಿದ್ದು ಸಿಗ್ನಲ್ಲಿನಲ್ಲಿ ಆರಿಹೋಗುವ ಗಾಡಿಯಲ್ಲಿ ಸಾಮಾನ್ಯವಾಗಿ ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್ ಕಟ್ಟಿರುತ್ತದೆ. ಅದರ ತೂತು ಅರ್ಧ ಮಿಲಿಮೀಟರಿನ ಆಸುಪಾಸು, ಒಂದು ಕಣ ಸಾಕು. ತಂತಿ ಹಾಕಿ ಚುಚ್ಚಬೇಡಿ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಹೊಸ ರೋಗ. ಗಾಳಿ ಹೊಡೆಸಿ, ಸಾಕು.

ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಈ ಗಾಡಿಗಳಿಗೆ ಹೊಸ ತಲೆನೋವು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. ಬರಿ ಪೆಟ್ರೋಲಿನ ಲೆಕ್ಕಕ್ಕೆ ಕೊರೆದ ಹಳೆಯ ಜೆಟ್‌ಗೆ ಇದು ತಿಳಿಯುವುದಿಲ್ಲ, ಹಾಗಾಗಿ ಮಿಶ್ರಣ ತೆಳ್ಳಗಾಗುತ್ತದೆ. ಬಿಳಿಚಿದ ಪ್ಲಗ್ ಕಂಡ ಕೂಡಲೇ ಸೀಲನ್ನೇ ದೂರಬೇಡಿ; ಮುಖ್ಯ ಜೆಟ್ಟನ್ನು ಒಂದು ಅಂಕೆ ದೊಡ್ಡದಕ್ಕೆ ಬದಲಿಸಿ ನೋಡಿ. ಎಥನಾಲ್ ನೀರನ್ನೂ ಹೀರುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕಿಳಿಯುತ್ತವೆ, ಎಂಜಿನ್ನಿಗೆ ಮೊದಲು ಸಿಗುವುದು ಅದೇ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರಿನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ಆರುವವರೆಗೆ ಬಿಡಿ.